ಹೆಬ್ಬಾಳದ ಆಚೆಗೊಂದು, ಈಚೆಗೊಂದು

ಸಂಜೆ ಐದೂವರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೀವು ಹತ್ತಿದ ವಾಯುವಜ್ರ ಬಸ್ಸು ಸಿಲ್ಕ್ ಬೋರ್ಡ್ ಹತ್ತಿರ ನಿಂತುಬಿಟ್ಟಿದೆ. ವಿಮಾನ ರಾತ್ರಿ ಹತ್ತಕ್ಕೆ. "ಎಷ್ಟೊತ್ತಿಗೆ ಮುಟ್ಟುತ್ತೆ?" ಎಂದು ಕಂಡಕ್ಟರನ್ನು ಕೇಳುತ್ತೀರಿ. "ಹೆಬ್ಬಾಳ ದಾಟ್ಲಿ ಸಾರ್, ಆಮೇಲೆ ಹೇಳ್ತೀನಿ." ಬಸ್ಸು ಮೆಲ್ಲಗೆ ತೆವಳತೊಡಗುತ್ತದೆ, ಕಿಟಕಿಯಾಚೆ ಮೆಟ್ರೋ ನೀಲಿ ಮಾರ್ಗದ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಹಿಂದಿನ ಸೀಟಿನಲ್ಲಿ ಯಾರೋ ಬೋರ್ಡಿಂಗ್ ಪಾಸ್ ತೆಗೆದು ಮತ್ತೆ ಮತ್ತೆ ಸಮಯ ನೋಡುತ್ತಿದ್ದಾರೆ.

ಮಾರತ್ತಹಳ್ಳಿ ಸೇತುವೆ ಬಂತು. ಎಡಕ್ಕೆ ನೋಡಿ. ಹಳೇ ಏರ್‌ಪೋರ್ಟ್ ರಸ್ತೆ ಅಲ್ಲೇ ಕವಲೊಡೆಯುತ್ತದೆ. ಆ ಕಟ್ಟಡಗಳ ಹಿಂದೆ ಎಚ್‌ಎಎಲ್‌ನ ರನ್‌ವೇ ಇದೆ, ಮೂರು ಕಿಲೋಮೀಟರಿಗೂ ಉದ್ದ. 2008ರ ಮೇ 24ಕ್ಕೆ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ತೆರೆದಾಗ ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಇಲ್ಲಿ ಉಳಿದದ್ದು ಯುದ್ಧವಿಮಾನಗಳ ಪರೀಕ್ಷೆ, ಖಾಸಗಿ ಜೆಟ್‌ಗಳು. ದೇವನಹಳ್ಳಿ ನಿಲ್ದಾಣ ಕಟ್ಟಿದವರೊಂದಿಗಿನ ಒಪ್ಪಂದದ ಪ್ರಕಾರ 25 ವರ್ಷ, 150 ಕಿಲೋಮೀಟರ್ ಒಳಗೆ ಹೊಸ ವಿಮಾನ ನಿಲ್ದಾಣ ಬರಕೂಡದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಹಣ ಹೂಡುವವರಿಗೆ ಆ ಭರವಸೆ ಬೇಕಿತ್ತು, ನಿಜ. ಆದರೆ ಆಗ ವರ್ಷಕ್ಕೆ ಸುಮಾರು ಒಂದು ಕೋಟಿ ಜನ ಹಾರುತ್ತಿದ್ದರು. 2024–25ರಲ್ಲಿ ಅದು ನಾಲ್ಕು ಕೋಟಿ ದಾಟಿತು. ಗಡುವು ಮುಗಿಯುವುದು 2033ಕ್ಕೆ.

ಟಿನ್ ಫ್ಯಾಕ್ಟರಿಯಲ್ಲಿ ಮತ್ತೆ ಬ್ರೇಕು. ಹಾರ್ನ್‌ಗಳ ನಡುವೆ ಕೂತು ಯೋಚಿಸಲು ಬೇಕಾದಷ್ಟು ಹೊತ್ತಿದೆ. ಇಷ್ಟು ಜನರಿದ್ದ ಮೇಲೆ ಎರಡನೆಯ ವಿಮಾನ ನಿಲ್ದಾಣ ತಾನಾಗಿ ನಡೆಯುತ್ತದೆಯೇ? ಕೆನಡಾದ ಮಾಂಟ್ರಿಯಲ್ ಹಾಗೆಯೇ ನಂಬಿತ್ತು. 1975ರಲ್ಲಿ ಊರಿಂದ ದೂರ ಮಿರಾಬೆಲ್ ನಿಲ್ದಾಣ ಕಟ್ಟಿ ವಿದೇಶೀ ವಿಮಾನಗಳನ್ನು ಅಲ್ಲಿಗೆ ಕಳಿಸಿತು. ದೇಶದೊಳಗಿನವು ಹಳೆಯ ಡೋರ್ವಲ್ ನಿಲ್ದಾಣದಲ್ಲೇ ಉಳಿದವು. ಒಂದರಲ್ಲಿಳಿದು ಇನ್ನೊಂದನ್ನು ಹಿಡಿಯಬೇಕಾದವರು ರಸ್ತೆಯಲ್ಲಿ ಬವಣೆಪಟ್ಟರು. ಬರಬೇಕಿದ್ದ ರೈಲು ಬರಲೇ ಇಲ್ಲ. 2004ರಲ್ಲಿ ಮಿರಾಬೆಲ್‌ನಿಂದ ಕೊನೆಯ ಪ್ರಯಾಣಿಕ ವಿಮಾನ ಹೊರಟಿತು.

ಹೆಬ್ಬಾಳ ದಾಟಿತು. ಮೇಲ್ಸೇತುವೆಯ ಮೇಲೆ ಬಸ್ಸಿಗೆ ಈಗ ವೇಗ ಬಂದಿದೆ, ಬಳ್ಳಾರಿ ರಸ್ತೆಯ ದೀಪಗಳು ಓಡುತ್ತಿವೆ. ಎರಡನೇ ಟರ್ಮಿನಲ್ಲಿಗೆ ಬಂದು ಸಾಲಿನಲ್ಲಿ ನಿಂತಾಗ ನಿಮ್ಮ ಮುಂದೆ ಹುಬ್ಬಳ್ಳಿಯಿಂದ ಬಂದಿಳಿದು ದುಬೈಗೆ ಹೊರಟ ಕುಟುಂಬವೊಂದಿದೆ. ಕೈಯಲ್ಲಿ ಧಾರವಾಡ ಪೇಡೆಯ ಡಬ್ಬಿ.

ಇಂಥವರ ಎರಡೂ ವಿಮಾನಗಳು ಇಲ್ಲೇ ಇರಲಿ. ಆದರೆ ಜಯನಗರದಿಂದ, ಕೆಂಗೇರಿಯಿಂದ ಬೆಳಿಗ್ಗೆ ಮುಂಬೈಗೆ ಹೋಗಿ ಸಂಜೆ ಮನೆ ಸೇರುವವರು ಎಷ್ಟು ಮಂದಿಯಿಲ್ಲ! ಅವರಿಗಾಗಿ ಎರಡನೆಯದು ನಗರದ ಆ ಬದಿಗೇ ಬೇಕು. ಕನಕಪುರ ರಸ್ತೆ, ನೆಲಮಂಗಲ–ಕುಣಿಗಲ್ ದಾರಿಯ ಜಾಗಗಳ ಮಾತು ನಡೆದೇ ಇದೆ. ಎಲ್ಲೇ ಆಗಲಿ, ರನ್‌ವೇಗೆ ಜಲ್ಲಿ ಸುರಿಯುವ ಮೊದಲು ಅಲ್ಲಿಗೆ ಮೆಟ್ರೋ ಹಳಿ ಹಾಕಲಿ.