ಒಂಬತ್ತೊಂಬತ್ಲೆ ಎಂಬತ್ತೊಂದು

ಮೈಸೂರಿನ ಚಳಿ ಬಹಳ ಸಭ್ಯ. ದೀಪಾವಳಿ ಕಳೆದ ಮೇಲೆ ಹೊಸ್ತಿಲಲ್ಲಿ ನಿಂತು ಬರಲೇ ಎಂದು ಕೇಳುತ್ತದೆ. ಧನುರ್ಮಾಸದ ಹುಗ್ಗಿ ತಿಂದು, ಸಂಕ್ರಾಂತಿಯ ಎಳ್ಳು ಪಡೆದು, ಶಿವರಾತ್ರಿಯ ಹೊತ್ತಿಗೆ ಶಿವಶಿವಾ ಎಂದು ಹೊರಟುಬಿಡುತ್ತದೆ. ನಾವು ಮಾತ್ರ ಇಷ್ಟಕ್ಕೇ ಮಂಕಿ ಕ್ಯಾಪು, ಮಫ್ಲರು ತೊಟ್ಟು, ಹತ್ತಿಯ ಉಂಡೆಯನ್ನು ಕಿವಿಗೆ ಗಿಡಿದುಕೊಂಡು ಯುದ್ಧಕ್ಕೆ ಹೊರಟವರಂತೆ ಕುಕ್ಕರಹಳ್ಳಿ ಕೆರೆಯ ಏರಿ ಹತ್ತುತ್ತೇವೆ. ಉಷ್ಣಾಂಶ 15 ಡಿಗ್ರಿ ಎಂದು ಯಾರಾದರೂ ಹೇಳಿದರೆ ಸಾಕು, ಕೇಳಿದವರೆಲ್ಲ ಇನ್ನೊಮ್ಮೆ ನಡುಗುತ್ತಾರೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಕುವೆಂಪು ಇದರ ದಂಡೆಯಲ್ಲಿ ನಡೆದರು, ಆರ್. ಕೆ. ನಾರಾಯಣ್ ನಡೆದರು. ಅವರ ಹೆಜ್ಜೆಯ ಮೇಲೆ ಈಗ ನಾವು ಶುಗರ್, ಬಿಪಿ ಮತ್ತು ಸೈಟಿನ ದರಗಳನ್ನು ಚರ್ಚಿಸುತ್ತ ನಡೆಯುತ್ತೇವೆ. ಆದರೂ ಈ ಮಾಗಿಯ ನಾಲ್ಕು ತಿಂಗಳು ನನ್ನ ಕಿವಿ ಮಾತಿಗಿಂತ ಹೆಚ್ಚಾಗಿ ಪೊದೆಗಳ ಕಡೆಗಿರುತ್ತದೆ. ಕಾಲುದಾರಿಯ ಮೇಲೆ ಬೂದುಬೆನ್ನಿನ, ಹಳದಿ ಹೊಟ್ಟೆಯ ಸಿಪಿಲೆಯೊಂದು ಬಾಲ ಕುಣಿಸುತ್ತ ನಮ್ಮ ಮುಂದೆ ಮುಂದೆ ಓಡುತ್ತದೆ. ಲಾಂಟಾನಾ ಪೊದೆಯೊಳಗಿನಿಂದ ‘ಚಕ್, ಚಕ್’ ಎಂದು ಯಾರೋ ನಾಲಿಗೆ ಲೊಟಗುಟ್ಟಿದಂತೆ ಕೇಳಿದರೆ ಅದು ಉಲಿಯಕ್ಕಿ. ಮುಖ ತೋರಿಸುವ ಅಭ್ಯಾಸ ಅದಕ್ಕಿಲ್ಲ. ಕಂದು ಕಳಿಂಗವೊಂದು ಬೇಲಿಯ ತುದಿಯಲ್ಲಿ ಕುಳಿತು ಜಮೀನ್ದಾರನ ಗತ್ತಿನಲ್ಲಿ ಸುತ್ತ ನೋಡುತ್ತದೆ. ಹೋದ ವರ್ಷ ಚಳಿಗಾಲ ಕಳೆದ ಜಾಗಕ್ಕೇ ಈ ವರ್ಷವೂ ಮರಳುವುದು ಆ ಜಾತಿಯ ವಾಡಿಕೆ. ಸಾವಿರಾರು ಮೈಲಿ ಹಾರಿಬಂದು ಅದೇ ಪೊದೆಯನ್ನು ಹುಡುಕಿಕೊಳ್ಳುತ್ತದೆ. ನಮ್ಮ ಬಳಗದಲ್ಲಿ ಸ್ಕೂಟರ್ ಎಲ್ಲಿ ನಿಲ್ಲಿಸಿದೆನೆಂದು ಮರೆಯುವವರೇ ಹೆಚ್ಚು.

ಭಾನುವಾರಗಳಲ್ಲಿ ನಡಿಗೆ ಸ್ವಲ್ಪ ದೂರ ಬೆಳೆದು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯನ್ನು ಮುಟ್ಟುತ್ತದೆ. ಒಡೆಯರ ವಂಶದ ಕಥೆ ಆರಂಭವಾಗುವುದು ಇಲ್ಲಿಂದಲೇ. 1399ರ ಸುಮಾರಿನಲ್ಲಿ ದ್ವಾರಕೆಯ ಕಡೆಯಿಂದ ಬಂದ ಇಬ್ಬರು ಅಣ್ಣತಮ್ಮಂದಿರು ಈ ಊರಿನ ರಾಜಕುಮಾರಿಯ ಕಷ್ಟಕ್ಕೆ ನೆರವಾಗಿ, ಅವರಲ್ಲಿ ಹಿರಿಯನಾದ ಯದುರಾಯ ಅವಳ ಕೈಹಿಡಿದು ಇಲ್ಲೇ ನೆಲೆ ನಿಂತ ಎನ್ನುತ್ತದೆ ಐತಿಹ್ಯ. ಹಾಗಾಗಿ ಬಡಗಣದಿಂದ ಬಂದವರನ್ನು ಕೆರೆಯ ಬಳಿ ಇಳಿಸಿಕೊಳ್ಳುವುದು ಈ ಊರಿಗೆ ಹೊಸದೇನಲ್ಲ. ಈಗ ಬರುವವರು ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಯಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಗೆರೆ. ಅಡ್ಡ ವಿಭೂತಿ ಧರಿಸಲು ಹೋಗಿ ಬಣ್ಣವನ್ನೂ ಜಾಗವನ್ನೂ ತಪ್ಪಿಸಿಕೊಂಡವು ಎಂದು ನಮ್ಮ ರಾಯರು ಹೇಳುವುದುಂಟು. ರಾಯರು ಬ್ಯಾಂಕಿನಿಂದ ನಿವೃತ್ತರು. ಹಕ್ಕಿಗಳನ್ನು ಎಣಿಸುವಾಗಲೂ ನೋಟಿನ ಕಟ್ಟು ಎಣಿಸಿದಂತೆ ತುಟಿ ಅಲ್ಲಾಡಿಸುತ್ತಾರೆ.

ಹಗಲೆಲ್ಲ ಈ ಹೆಬ್ಬಾತುಗಳಿಗೆ ನಿದ್ದೆಯೇ ಕಸುಬು. ನೀರಿನಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ತೂರಿಸಿ ಗಂಟೆಗಟ್ಟಲೆ ಮಿಸುಕುವುದಿಲ್ಲ. ಜೌಗು ಸೆಳೆವವೊಂದು ಮೇಲೆ ಸುಳಿದರೆ ಸೂಜಿಬಾಲದ ಬಾತುಗಳೆಲ್ಲ ಗಾಬರಿಯಿಂದ ಮೇಲೇಳುತ್ತವೆ. ಇವು ಕತ್ತು ಎತ್ತಿ ನೋಡಿ, ಗೊಣಗಿ, ಮತ್ತೆ ಮಲಗುತ್ತವೆ. ಸಂಜೆ ಮಬ್ಬಾದ ಮೇಲೆ ಸಾಲುಗಟ್ಟಿ ಕೂಗುತ್ತ ಗದ್ದೆಗಳ ಕಡೆ ಹಾರುತ್ತವೆ. ಕೊಯ್ದ ಗದ್ದೆಯ ಕೂಳೆ, ಉದುರಿದ ಕಾಳು, ಗರಿಕೆ ಇವುಗಳ ಊಟ. ಅಷ್ಟಕ್ಕೇ ನಿಲ್ಲಿಸಿದ್ದರೆ ಜಗಳವಿರಲಿಲ್ಲ.

“ಒಟ್ಲು ಹಾಕಿದ್ದೋ ಸಾ, ರಾತ್ರೋರಾತ್ರಿ ತುಳುದು ಮೇಯ್ಕಂಡ್ ಹೋಗವೆ,” ಎಂದ ಏರಿಯ ಮೇಲೆ ಸಿಕ್ಕಿದ ರೈತ. “ನೀವು ದುರ್ಬೀನಿಟ್ಕಂಡು ಚೆಂದ ಚೆಂದ ಅಂತೀರಿ. ಯಾವೂರವು ಸಾ ಇವು?”

ಮಂಗೋಲಿಯಾ ಎಂದೆ. ಅವನು ಅದನ್ನು ಬಾಯಲ್ಲಿ ಒಮ್ಮೆ ಹೊರಳಿಸಿ, “ಅಲ್ಲಿ ಗದ್ದೆ ಇಲ್ವಾ?” ಎಂದು ಕೇಳಿದ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ನಮ್ಮ ಪಕ್ಷಿವೀಕ್ಷಕರ ಬಳಗದಲ್ಲಿ ಯಾರೂ ಕೇಳಿರಲಿಲ್ಲ.

ಮಂಗೋಲಿಯಾ ಎಂದು ನಾನು ಊಹೆಯಿಂದ ಹೇಳಿದ್ದಲ್ಲ. ಹದಿನಾರಿನ ಹಿಂಡಿನಲ್ಲಿ ಒಮ್ಮೊಮ್ಮೆ ಕೊರಳಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿ ತೊಟ್ಟ ಹೆಬ್ಬಾತು ಕಾಣುತ್ತದೆ. ಪಟ್ಟಿಯ ಮೇಲೆ ಬಿಳಿ ಅಕ್ಷರ, ಅಂಕಿ. ತೊಡಿಸಿದವರು ಮಂಗೋಲಿಯಾದ ಪಕ್ಷಿತಜ್ಞರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಡಿದು ಸಾವಿರಾರು ಕಾಡುಹಕ್ಕಿಗಳು ಸತ್ತವು, ಹೆಚ್ಚಿನವು ಇದೇ ಪಟ್ಟೆತಲೆಯವು. ಅದಾದ ಮೇಲೆ ಇವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ಕುತೂಹಲ ವಿಜ್ಞಾನಿಗಳ ಖಾಸಗಿ ಹವ್ಯಾಸವಾಗಿ ಉಳಿಯಲಿಲ್ಲ. ಇನ್ನು ನನ್ನ ಕುತೂಹಲಕ್ಕೆ ಅಂಥ ಘನ ಕಾರಣವೇನೂ ಇಲ್ಲ. ವರ್ಷವರ್ಷವೂ ನಮ್ಮಲ್ಲಿ ಬಂದು ನಾಲ್ಕು ತಿಂಗಳು ಇದ್ದುಹೋಗುವವರ ಮನೆಗೆ ನಾವು ಒಮ್ಮೆಯೂ ಹೋಗದಿರುವುದು ನಂಟಸ್ತಿಕೆಯ ಲಕ್ಷಣವಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಒಂದು ಡಬ್ಬಿ ಚಟ್ನಿಪುಡಿ ಕುಟ್ಟಿಸಿಟ್ಟಳು. ಒಪ್ಪಿಗೆ ಎಂದು ತಿಳಿದೆ.

ಜುಲೈ ತಿಂಗಳಲ್ಲಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಆರುನೂರು ಕಿಲೋಮೀಟರಿಗೂ ಮೇಲೆ ರಷ್ಯನ್ ವ್ಯಾನೊಂದರಲ್ಲಿ ಹೋದೆವು. ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಹುಲ್ಲು, ಹುಲ್ಲು, ಕುದುರೆ, ಮತ್ತೆ ಹುಲ್ಲು. ಇಡೀ ದೇಶಕ್ಕೆ ಜನ ಸುಮಾರು 35 ಲಕ್ಷ, ಜಾನುವಾರು 6 ಕೋಟಿಯ ಆಸುಪಾಸು. ಬೇಲಿ ಎಂಬುದೇ ಕಾಣದ ನೆಲದಲ್ಲಿ ಕಣ್ಣಿಗೆ ಮೊದಮೊದಲು ಸುಖ, ಆಮೇಲೆ ದಿಗಿಲು. ನಾನು ಹುಟ್ಟಿದಾಗಿನಿಂದ ಯಾವುದಾದರೊಂದು ಕಾಂಪೌಂಡಿನೊಳಗೇ ಇದ್ದವನು.

ತೇರ್ಖೀನ್ ತ್ಸಗಾನ್ ನೂರ್ ಎಂಬ ಸರೋವರ ಆರ್ಖಾಂಗಾಯ್ ಪ್ರಾಂತ್ಯದಲ್ಲಿದೆ. ಪಕ್ಕದ ಖೋರ್ಗೊ ಅಗ್ನಿಪರ್ವತ ಯಾವುದೋ ಕಾಲದಲ್ಲಿ ಉಗುಳಿದ ಲಾವಾ ನದಿಗೆ ಅಡ್ಡ ಬಿದ್ದು ನೀರು ನಿಂತಿತು. ಅಂದರೆ ಅದೂ ಒಂದು ಕಟ್ಟೆಯ ಕೆರೆಯೇ. ಕಟ್ಟಿಸಿದವರು ಮಾತ್ರ ಒಡೆಯರಲ್ಲ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರ. ಜುಲೈಯಲ್ಲೂ ರಾತ್ರಿ ಒಲೆ ಬೇಕು. ಮೈಸೂರಿನ ಮಂಕಿ ಕ್ಯಾಪಿಗೆ ಅಲ್ಲಿ ಮೊದಲ ಬಾರಿಗೆ ನಿಜವಾದ ಕೆಲಸ ಸಿಕ್ಕಿತು.

ಅಲ್ಲಿ ಕಂಡ ಪಟ್ಟೆತಲೆ ನಾನು ಬಲ್ಲ ಪಟ್ಟೆತಲೆಯಾಗಿರಲಿಲ್ಲ. ಹದಿನಾರಿನ ಆ ಸೋಮಾರಿ ಇಲ್ಲಿ ಗೃಹಸ್ಥ. ಹಿಂದೆ ಮುಂದೆ ಹಳದಿ ತುಪ್ಪುಳಿನ ಮರಿಗಳು, ಮೇಲೆ ಹದ್ದು, ದಡದಲ್ಲಿ ನರಿಯ ಭಯ. ಗಂಡು ಕತ್ತು ನೆಲಕ್ಕೆ ಚಾಚಿ ಬುಸುಗುಡುತ್ತ ಪಕ್ಕದ ಸಂಸಾರದ ಮೇಲೆ ಏರಿಹೋಗುತ್ತದೆ. ಹೆಣ್ಣಿಗೆ ಮೇಯಲೂ ಪುರುಸೊತ್ತಿಲ್ಲ. ನಾಲ್ಕು ಸಲ ಹುಲ್ಲು ಕಿತ್ತರೆ ಐದನೆಯ ಸಲ ತಲೆ ಎತ್ತಲೇಬೇಕು. ಇಷ್ಟು ವರ್ಷ ನಾವು ಅವುಗಳನ್ನು ರಜೆಯಲ್ಲಿ ಮಾತ್ರ ನೋಡಿ, ಸ್ವಭಾವವೇ ಅಂಥದ್ದು ಎಂದು ತೀರ್ಮಾನಿಸಿದ್ದೆವು. ಬೇಸಿಗೆ ರಜೆಗೆ ಊರಿಗೆ ಬಂದು ಜಗಲಿಯಲ್ಲಿ ಉರುಳಿಕೊಂಡಿರುತ್ತಿದ್ದ ನನ್ನ ಸೋದರಮಾವನನ್ನು ಮುಂಬಯಿಯ ಅವನ ಕಾರ್ಖಾನೆಯಲ್ಲಿ ಕಂಡ ದಿನವೂ ನನಗೆ ಹೀಗೇ ಆಗಿತ್ತು.

ಇನ್ನೊಂದು ಸಂಗತಿ. ಆ ಹೊತ್ತಿನಲ್ಲಿ ದೊಡ್ಡ ಹಕ್ಕಿಗಳು ಹಾರಲಾರವು. ರೆಕ್ಕೆಯ ಹಳೆಯ ಗರಿಗಳೆಲ್ಲ ಒಟ್ಟಿಗೆ ಉದುರಿ ಹೊಸವು ಬರುವ ಕಾಲ ಅದು. ಸುಮಾರು ಒಂದು ತಿಂಗಳು ಪೂರ್ತಿ ನೆಲವಾಸಿಗಳು. ವಿಜ್ಞಾನಿಗಳು ದೋಣಿಗಳಲ್ಲಿ ಸುತ್ತುವರಿದು, ದಡದ ಬಲೆಗೆ ಅಟ್ಟಿ, ಪಟ್ಟಿ ತೊಡಿಸುವುದು ಈ ದಿನಗಳಲ್ಲೇ. ಇದೇ ಸರೋವರದ ಹೆಬ್ಬಾತುಗಳ ಮೈಯಲ್ಲಿ ಪುಟ್ಟ ಉಪಕರಣ ಇರಿಸಿ ಅವುಗಳ ಹಾರಾಟವನ್ನು ಅಳೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಮಾಲಯವನ್ನು ಅವು ಒಂದೇ ಎತ್ತರದಲ್ಲಿ ಬಾಣದಂತೆ ದಾಟುವುದಿಲ್ಲವಂತೆ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಇಳಿದರೆ ಇಳಿಯುತ್ತವೆ, ನೆಲವನ್ನು ಬಿಟ್ಟುಕೊಡುವುದಿಲ್ಲ. ದಾಖಲಾದ ಅತಿ ಎತ್ತರ 7,290 ಮೀಟರ್. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಗಳಿಸುವುದು ಪೆದ್ದುತನ ಎಂದು ನಮಗನ್ನಿಸಬಹುದು. ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ವಿಪರೀತ. ತಗ್ಗಿನ ದಟ್ಟ ಗಾಳಿಗೆ ಇಳಿದು ಮತ್ತೆ ಏರುವುದೇ ಅಗ್ಗ. ಅಂಥ ಹಕ್ಕಿ ನನ್ನ ಕಣ್ಣೆದುರು ಮೊಣಕಾಲೆತ್ತರದ ಲಾವಾ ಬಂಡೆಯೊಂದನ್ನು ಹಾರಿ ದಾಟಲಾಗದೆ ಸುತ್ತು ಹಾಕಿಕೊಂಡು ನಡೆದುಹೋಯಿತು.

ದಡದ ಗೆರ್ ಒಂದರಲ್ಲಿ ನಮ್ಮ ವಾಸ. ಗೆರ್ ಎಂದರೆ ಉಣ್ಣೆಯ ಕಂಬಳಿ ಹೊದಿಸಿದ ದುಂಡನೆಯ ಡೇರೆಮನೆ. ಹೊಸ್ತಿಲು ತುಳಿಯಬಾರದು ಎಂಬ ನಿಯಮ ಕೇಳಿದಾಗ ಹೆಂಡತಿಗೆ ಅರ್ಧ ಊರೇ ಸಿಕ್ಕಿದಷ್ಟು ಸಂತೋಷವಾಯಿತು. ಉಳಿದರ್ಧ ಊರಮ್‌ನಲ್ಲಿ ಸಿಕ್ಕಿತು. ಹಾಲು ಕಾಯಿಸಿ ಕಾಯಿಸಿ ಎತ್ತಿದ, ರೊಟ್ಟಿಯಷ್ಟು ದಪ್ಪದ ಕೆನೆ. ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದ ಮೇಲೆ, ಮಾಂಸದ ದೇಶದಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುತ್ತಾರೆ ಎಂದು ಹೆದರಿಸಿದವರನ್ನೆಲ್ಲ ಕ್ಷಮಿಸಿದೆವು. ಬೇಸಿಗೆಯಲ್ಲಿ ಅಲ್ಲಿನವರದೂ ಹಾಲು ಮೊಸರಿನ ಊಟವೇ ಹೆಚ್ಚು. ಉಪ್ಪು ಹಾಕಿದ ಹಾಲಿನ ಚಹಾಕ್ಕೆ ಮಾತ್ರ ನಾನು ಕೊನೆಯವರೆಗೂ ಒಗ್ಗಲಿಲ್ಲ.

ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ನಮ್ಮ ಜೊತೆ ಬಂದಿದ್ದ ವಿದ್ಯಾರ್ಥಿನಿ ದುಭಾಷಿ. ಇಲ್ಲಿನ ಚಳಿ ಹೇಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ ಅಜ್ಜಿ ಬೆರಳು ಮಡಿಸುತ್ತ ಎಣಿಸಿ ತೋರಿಸಿದಳು. ಚಳಿಗಾಲದ ಅತಿ ಕಡಿಮೆ ಹಗಲಿನಿಂದ ಮೊದಲುಮಾಡಿ ಒಂಬತ್ತು ಒಂಬತ್ತು ದಿನಗಳ ಒಂಬತ್ತು ಕಟ್ಟು. ಮೊದಲ ಒಂಬತ್ತರಲ್ಲಿ ಹಾಲಿನಿಂದ ಇಳಿಸಿದ ಸಾರಾಯಿ ಹೆಪ್ಪುಗಟ್ಟುತ್ತದೆ. ಎರಡನೆಯದರಲ್ಲಿ ಎರಡು ಸಲ ಬಟ್ಟಿ ಇಳಿಸಿದ ಸಾರಾಯಿಯೂ ಹೆಪ್ಪುಗಟ್ಟುತ್ತದೆ. ಮೂರರಲ್ಲಿ ಮೂರು ವರ್ಷದ ಹೋರಿಯ ಕೊಂಬು ಮರಗಟ್ಟುತ್ತದೆ, ನಾಲ್ಕರಲ್ಲಿ ನಾಲ್ಕು ವರ್ಷದ್ದು. ಐದರಲ್ಲಿ ಹೊರಗಿಟ್ಟ ಅನ್ನ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಆರರಲ್ಲಿ ಹಿಮದ ನಡುವೆ ದಾರಿ ಕಪ್ಪಗೆ ಮೂಡುತ್ತದೆ, ಏಳರಲ್ಲಿ ಗುಡ್ಡದ ನೆತ್ತಿ. ಎಂಟರಲ್ಲಿ ನೆಲ ಒದ್ದೆ. ಒಂಬತ್ತಾದರೆ ಬೆಚ್ಚಗೆ. ನಮ್ಮ ಅಜ್ಜಿಯರು ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಗಳನ್ನು ಎಣಿಸಿಕೊಂಡು ಬಿತ್ತನೆ ಕಾದರು. ಈ ಅಜ್ಜಿ ಚಳಿಯನ್ನು ಎಣಿಸಿಕೊಂಡು ಕುರಿಗಳನ್ನು ಕಾಯುತ್ತಾಳೆ. ಎಣಿಕೆ ತಪ್ಪಿದ ವರ್ಷಗಳೂ ಉಂಟು. ಅದಕ್ಕೆ ಅವರು ಝುದ್ ಎನ್ನುತ್ತಾರೆ. ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿ ಕೂತು, ಮೇವು ಕೆಳಗಿದ್ದರೂ ಬಾಯಿಗೆ ಸಿಗದೆ ಜಾನುವಾರು ನಿಂತಲ್ಲೇ ಸಾಯುತ್ತವೆ. 2023–24ರ ಚಳಿಗಾಲದಲ್ಲಿ ದೇಶದಾದ್ಯಂತ ಸತ್ತವು 70 ಲಕ್ಷಕ್ಕೂ ಹೆಚ್ಚು.

ನಾನು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡೆ. ಒಂಬತ್ತೊಂಬತ್ಲೆ ಎಂಬತ್ತೊಂದು. ಡಿಸೆಂಬರ್ 22ರಿಂದ ಎಂಬತ್ತೊಂದು ದಿನವೆಂದರೆ ಮಾರ್ಚಿಯ ಎರಡನೆಯ ವಾರ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಹದಿನಾರಿನ ಕೆರೆ ಖಾಲಿಯಾಗತೊಡಗುತ್ತದೆ. ನಾನು ಸ್ವೆಟರಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಹೊಲದಿಂದ ಕೊಂಡ ಸೊಗಡಿನ ಅವರೆಕಾಯಿ ಚೀಲವನ್ನು ತೋಳಿಗೆ ತಗುಲಿಹಾಕಿಕೊಂಡು, ಎಳೆಬಿಸಿಲಲ್ಲಿ ಹಕ್ಕಿ ನೋಡುತ್ತ ಅಡ್ಡಾಡುವ ಆ ದಿನಗಳು ಇಲ್ಲಿ ಕೊಂಬು ಮರಗಟ್ಟುವ ದಿನಗಳು. ಹಕ್ಕಿಗೆ ರೆಕ್ಕೆಯಿದೆ, ಹೊರಟುಬರುತ್ತದೆ. ಅಜ್ಜಿ ಕುರಿಮಂದೆಯೊಂದಿಗೆ ಬೆಟ್ಟದ ಮರೆಗೆ ಸರಿದು ಅಲ್ಲೇ ಇರುತ್ತಾಳೆ. ‘ಚಳಿಗಾಲದ ಅತಿಥಿಗಳು’ ಎಂಬ ತಲೆಬರಹದಡಿ ನಮ್ಮ ಪತ್ರಿಕೆಗಳು ಪ್ರತಿವರ್ಷ ಅಚ್ಚುಹಾಕುವ ಚಿತ್ರದಲ್ಲಿ ಈ ಭಾಗ ಬರುವುದಿಲ್ಲ. ಬರಬೇಕೆಂದು ನಾನೂ ಅಲ್ಲಿಗೆ ಹೋಗುವವರೆಗೆ ಕೇಳಿದವನಲ್ಲ.

ನಾವು ಎಲ್ಲಿಯವರೆಂದು ಅಜ್ಜಿ ಕೇಳಿದಳು. ಈ ಹಕ್ಕಿಗಳು ಚಳಿಗಾಲಕ್ಕೆ ಹೋಗುವ ಊರಿನವರು ಎಂದೆ. ದುಭಾಷಿ ಅದನ್ನು ಹೇಳುತ್ತಲೂ ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಅಲ್ಲಿ ಅವು ಏನು ತಿನ್ನುತ್ತವೆ? ಭತ್ತ ಎಂದೆ. ಯಾರಾದರೂ ಹೊಡೆಯುತ್ತಾರಾ? ಬೈಯುತ್ತಾರೆ ಎಂದೆ. ಅಜ್ಜಿ ನಕ್ಕು, ಇಲ್ಲೂ ಬೈಯುತ್ತೇವೆ, ವಸಂತದ ಮೊದಲ ಹುಲ್ಲನ್ನು ಕುರಿಗಿಂತ ಮುಂಚೆ ಇವೇ ಮೇಯುತ್ತವೆ ಎಂದಳು. ಆಮೇಲೆ ಇನ್ನೊಂದು ಮಾತು ಕೇಳಿದಳು: ನಿಮ್ಮಲ್ಲಿಂದ ಹೊರಡುವಾಗ ದಪ್ಪಗಿರುತ್ತವಾ? ಇಲ್ಲಿಗೆ ಬಂದಿಳಿಯುವಾಗ ಬರೀ ಮೂಳೆ.

ಮಾರ್ಚಿಯಲ್ಲಿ ಅವು ದಪ್ಪಗೇ ಇರುತ್ತವೆ, ಏರಿಯ ಮೇಲೆ ಬಾತುಕೋಳಿಗಳಂತೆ ಹೊರಳುತ್ತ ನಡೆಯುವಷ್ಟು. ಹಾಗೆಂದು ಹೇಳಿದೆ. ಅಜ್ಜಿಗೆ ಸಮಾಧಾನವಾದಂತೆ ಕಂಡಿತು. ಹೊರಡುವ ದಿನ ಕಲ್ಲಿನಷ್ಟು ಗಟ್ಟಿಯಾದ ಒಣಮೊಸರಿನ ತುಂಡುಗಳನ್ನು ಒಂದು ಚೀಲದ ತುಂಬ ಕೊಟ್ಟಳು.

ಆ ಮಾಗಿಯಲ್ಲಿ ಹದಿನಾರಿನ ಏರಿಯ ಮೇಲೆ ಆ ರೈತ ಮತ್ತೆ ಸಿಕ್ಕಿದ. ರಾಯರು ದುರ್ಬೀನು ಅವನ ಕೈಗೆ ಕೊಟ್ಟರು. ನಾನು ಒಣಮೊಸರಿನ ಒಂದು ತುಂಡು ಕೊಟ್ಟೆ. ಅವನು ದವಡೆಯಲ್ಲಿಟ್ಟು ಬಹಳ ಹೊತ್ತು ಚೀಪುತ್ತ ಸರೋವರದ ಕಥೆ, ಅಜ್ಜಿಯ ಕಥೆ, ಕುರಿಗಳ ಲೆಕ್ಕ ಎಲ್ಲ ಕೇಳಿದ.

“ಅಂದ್ರೆ ಮೊಟ್ಟೆ ಮರಿ ಎಲ್ಲಾ ಅವ್ರೂರಲ್ಲಿ, ಕೂಳು ಮಾತ್ರ ನಮ್ದು,” ಎಂದ. “ಕುರಿ ಕೋಟಿಗಟ್ಲೆ ಅವೆ ಅಂತೀರಿ. ವರ್ಷಕ್ಕೊಂದ್ ಟಗರಾದ್ರೂ ಕಳಿಸ್ಬಾರ್ದಾ ಸಾ ಅವ್ರು?”

ರಾಯರು ತುಟಿ ಅಲ್ಲಾಡಿಸುವುದನ್ನು ನಿಲ್ಲಿಸಿ, ಬಡ್ಡಿ ಸಮೇತ ಕೇಳಬೇಕಾದ್ದೇ ಎಂದರು.