ಕ್ಯಾಲೊರಿ ಅಂದ್ರೆ ವಿಷ ಅಲ್ಲ ಮಾರಾಯ್ರೇ!

ಹೀರೋ ಷರ್ಟು ಬಿಚ್ಚಿದ ಕೂಡಲೇ ಥಿಯೇಟರಿನಲ್ಲಿ ಶಿಳ್ಳೆ! ನಾನೂ ಹೊಡೀತೀನಿ, ಸುಳ್ಳು ಯಾಕೆ ಹೇಳಲಿ? ಆದರೆ ಆ ಮೈಕಟ್ಟು ನೋಡಿ ಮನೆಗೆ ಬಂದು ಊಟ ಬಿಡುವ ಹುಡುಗರನ್ನು ಕಂಡರೆ ಸಂಕಟವಾಗುತ್ತದೆ.

ನಮ್ಮ ವಠಾರದ ಹುಡುಗನೊಬ್ಬ ಹದಿನೈದು ದಿನದಿಂದ ರಾತ್ರಿ ಉಣ್ಣುತ್ತಿಲ್ಲ. ಮೊನ್ನೆ ಕೇಳಿದ: "ಅಣ್ಣಾ, ಕ್ಯಾಲೊರಿ ತೆಗೆದು ಬರೀ ಮುದ್ದೆ ತಿನ್ನಕ್ಕಾಗಲ್ವಾ?"

"ಕಿಲೋಮೀಟರ್ ತೆಗೆದು ಬರೀ ಮೈಸೂರು ರಸ್ತೇಲಿ ಹೋಗಕ್ಕಾಗತ್ತೇನೋ?" ಅಂದೆ.

ಕ್ಯಾಲೊರಿ ಎಂಬುದು ಉಪ್ಪಿನ ಹಾಗೆ ಊಟದಲ್ಲಿ ಬೆರೆತ ಪದಾರ್ಥವಲ್ಲ. ಅದೊಂದು ಅಳತೆ. ದೂರಕ್ಕೆ ಕಿಲೋಮೀಟರ್, ಶಕ್ತಿಗೆ ಕ್ಯಾಲೊರಿ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಕ್ತಿಯೇ ಊಟದ ಲೆಕ್ಕದ ಒಂದು ಕ್ಯಾಲೊರಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇದನ್ನೇ ಕಿಲೋಕ್ಯಾಲೊರಿ ಅಂತ ಅಚ್ಚು ಹಾಕಿರುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇದು ಸುಮಾರು 320. ಅಂದರೆ 20 ಡಿಗ್ರಿಯ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಕ್ತಿ!

ಇಷ್ಟೆಲ್ಲ ಶಕ್ತಿ ಎಲ್ಲಿಗೆ ಹೋಗುತ್ತೆ? ಬರೀ ಓಡಾಟಕ್ಕಲ್ಲ. ನಾವು ಗೊರಕೆ ಹೊಡೆಯುವಾಗಲೂ ಎದೆ ಬಡಿಯಬೇಕು, ಉಸಿರಾಡಬೇಕು, ಮಿದುಳು ದುಡಿಯಬೇಕು, ಮೈ ಬೆಚ್ಚಗಿರಬೇಕು. ಸಾಮಾನ್ಯವಾಗಿ ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಬೇಕು.

ಇದಕ್ಕೆ ಕತ್ತರಿ ಹಾಕಿದರೆ ಏನಾಗುತ್ತೆ? ಯುದ್ಧದಲ್ಲಿ ಹಸಿದು ಬಡಕಲಾದವರಿಗೆ ಹೇಗೆ ಊಟ ಕೊಟ್ಟು ಚೇತರಿಸಬೇಕು ಅಂತ ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಆನ್ಸೆಲ್ ಕೀಸ್ 1945ರಲ್ಲಿ ಒಂದು ಪರೀಕ್ಷೆ ಮಾಡಿದರು. ತಾವಾಗಿಯೇ ಮುಂದೆ ಬಂದ 36 ತರುಣರು. ದಿನಕ್ಕೆ ಸುಮಾರು 3,200 ಕ್ಯಾಲೊರಿ ಉಣ್ಣುತ್ತಿದ್ದವರಿಗೆ 24 ವಾರ ಹೆಚ್ಚುಕಡಿಮೆ ಅದರ ಅರ್ಧದಷ್ಟೇ ಕೊಟ್ಟರು. ತೂಕದಲ್ಲಿ ಸುಮಾರು ಕಾಲು ಭಾಗ ಕರಗಿತು. ಕರಗಿದ್ದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ! ಎದೆಬಡಿತ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ. ಮನಸ್ಸಿನ ತುಂಬ ಊಟದ್ದೇ ಧ್ಯಾನ.

ಅವರಲ್ಲೊಬ್ಬರು ಎಷ್ಟೋ ವರ್ಷದ ಮೇಲೆ ನೆನೆದದ್ದು ಕೇಳಿ: ಸಿನಿಮಾಕ್ಕೆ ಹೋದರೆ ಪ್ರೇಮದ ದೃಶ್ಯಗಳಲ್ಲಿ ಆಸಕ್ತಿಯೇ ಇರಲಿಲ್ಲವಂತೆ. ತೆರೆಯ ಮೇಲೆ ಯಾರು, ಏನು ತಿನ್ನುತ್ತಿದ್ದಾರೆ ಅನ್ನೋದರ ಮೇಲೇ ಕಣ್ಣು!

ನಾಯಕಿ ಕುಣಿಯುವಾಗ ಅವಳನ್ನು ಬಿಟ್ಟು ಹಿಂದಿರೋ ಹಣ್ಣಿನ ತಟ್ಟೆ ನೋಡುವ ಗತಿ ನಮಗೆ ಬೇಕೇ ಗೆಳೆಯರೇ? ಮೈ ಕಟ್ಟಬೇಕೇ, ಧಾರಾಳವಾಗಿ ಕಟ್ಟಿ. ಗರಡಿಗೆ ಹೋಗಿ, ಜಿಮ್ಮಿಗೆ ಹೋಗಿ, ಬೆವರು ಸುರಿಸಿ. ಆದರೆ ಆ ಬೆವರಿಗೂ ಮುದ್ದೆಯೇ ಬಂಡವಾಳ!