ಚಿಕ್ಕ ಪಾಲು ಬಂದ ರಾಜ

1/6

"ಕ್ರುಸೇಡರ್ ಕಿಂಗ್ಸ್ 3 ಇನ್‌ಸ್ಟಾಲ್ ಮಾಡಿದೀನಿ, ಯಾವ ರಾಜನ್ನ ತಗೊಂಡು ಶುರು ಮಾಡ್ಲಿ?" ಹೋದ ವಾರ ಸ್ಟೋರಿ ಹಾಕಿದ್ಮೇಲೆ ಇದೇ ಪ್ರಶ್ನೆ ಡಿಎಮ್‌ನಲ್ಲಿ ಒಂಬತ್ತು ಜನ ಕೇಳಿದ್ದೀರ. ಅದರಲ್ಲಿ ನಾಲ್ಕು ಜನ ನಮ್ಮ ಸೆಕ್ಷನ್‌ನವರೇ, ಟ್ಯಾಲಿ ಲ್ಯಾಬ್‌ನಲ್ಲಿ ನನ್ನ ಹಿಂದಿನ ಸಾಲಲ್ಲೇ ಕೂರೋರು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದಲು ಇಲ್ಲೇ ಬರೀತೀನಿ. ಆರು ಪೋಸ್ಟ್ ಆಗುತ್ತೆ, ಸ್ವಲ್ಪ ಉದ್ದ. ಬಸ್ಸಲ್ಲಿ ಕೂತಾಗ ಓದಿ.

ಆಡದೇ ಇರೋರಿಗೆ ಎರಡು ಮಾತು. ಇದು 2020ರಲ್ಲಿ ಬಂದ ಆಟ, ಮಾಡಿದ್ದು ಸ್ವೀಡನ್‌ನ ಪ್ಯಾರಡಾಕ್ಸ್ ಕಂಪನಿ. ಶುರುವಲ್ಲಿ ಒಂದು ದೊಡ್ಡ ಮ್ಯಾಪ್ ಬರುತ್ತೆ. 867, 1066 ಥರ ಒಂದು ಇಸವಿ ಆರಿಸ್ಕೋತೀರ. ಆಮೇಲೆ ಮ್ಯಾಪ್ ಮೇಲೆ ಯಾವ ರಾಜನ ಮೇಲೆ ಕ್ಲಿಕ್ ಮಾಡ್ತೀರೋ ಅವನು ನೀವೇ. ಅವನು ಸತ್ತರೆ ಅವನ ವಾರಸುದಾರ ನೀವು. ಹೀಗೇ 1453ರ ತನಕ ನಡೆಯುತ್ತೆ. ಯುದ್ಧ ಇದೆ, ಆದ್ರೆ ಅರ್ಧ ಆಟ ಮದುವೆ, ಮಕ್ಕಳು, ಜಗಳ, ಆಸ್ತಿ. ನಮ್ಮ ಅಜ್ಜಿ ಇದ್ದಿದ್ರೆ ಒಂದೇ ದಿನದಲ್ಲಿ ಕಲಿತುಬಿಡ್ತಿದ್ರು.

ಹೊಸಬರಿಗೆ ಎಲ್ಲರೂ ಹೇಳೋದು ಐರ್ಲೆಂಡ್‌ನ ಮರ್ಖಾಡ್. ಆಟದ ಟ್ಯುಟೋರಿಯಲ್ಲೇ ಅವನಿಂದ ಶುರು ಆಗುತ್ತೆ. ಸುತ್ತ ಎಲ್ಲ ಚಿಕ್ಕ ಚಿಕ್ಕ ರಾಜರು, ನೆಮ್ಮದಿಯಾಗಿ ಕಲೀಬಹುದು. ಒಂದು ಸಲ ಅವನನ್ನ ತಗೊಂಡು ಬಟನ್‌ಗಳೆಲ್ಲ ಏನು ಅಂತ ಕಲ್ತುಕೊಳ್ಳಿ. ಎರಡನೇ ಸಲದಿಂದ ಕಷ್ಟದ ರಾಜನ್ನ ತಗೊಳ್ಳಿ. ಈ ಸರಣಿ ಆ ಎರಡನೇ ಸಲದ ಬಗ್ಗೆ.

2/6

ಕಷ್ಟ ಅಂದ್ರೆ ಒಂದೇ ಥರ ಇರಲ್ಲ. ನಾನು ಆಡಿರೋದ್ರಲ್ಲಿ ಎರಡು ಹೇಳ್ತೀನಿ.

ಫೋಟೋದಲ್ಲಿರೋನು ಇಂಗ್ಲೆಂಡ್‌ನ ಹೆರಾಲ್ಡ್ ಗಾಡ್ವಿನ್ಸನ್, 1066. ಅವನ ಕಷ್ಟ ಮೊದಲ ದಿನವೇ ಬಾಗಿಲು ತಟ್ಟುತ್ತೆ. ಉತ್ತರದಿಂದ ನಾರ್ವೆಯ ಹೆರಾಲ್ಡ್ ಹಾರ್ಡ್ರಾಡಾ, ದಕ್ಷಿಣದಿಂದ ನಾರ್ಮಂಡಿಯ ವಿಲಿಯಂ. ಇತಿಹಾಸದಲ್ಲಿ ಹೆರಾಲ್ಡ್ ಸೆಪ್ಟೆಂಬರ್ 25ಕ್ಕೆ ಸ್ಟಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಗೆದ್ದ, ಅಲ್ಲಿಂದ 19 ದಿನಕ್ಕೆ, ಅಕ್ಟೋಬರ್ 14ಕ್ಕೆ, ಹೇಸ್ಟಿಂಗ್ಸ್‌ನಲ್ಲಿ ಸತ್ತ. ಆಟದಲ್ಲಿ ಈ ಎರಡು ಯುದ್ಧ ದಾಟಿದ್ರೆ ಕೈಯಲ್ಲಿ ಒಂದು ಒಳ್ಳೇ ರಾಜ್ಯ ಇರುತ್ತೆ. ಸೆಮ್ ಎಕ್ಸಾಮ್ ಥರ, ಉಸಿರುಗಟ್ಟಿಸುತ್ತೆ, ಮುಗಿಯುತ್ತೆ.

ಎರಡನೆಯದು ವೆಸೆಕ್ಸ್, 867. ರಾಜ ಎಥೆಲ್ರೆಡ್, ಪಕ್ಕದಲ್ಲಿ ಅವನ ತಮ್ಮ ಆಲ್ಫ್ರೆಡ್. ವೈಕಿಂಗ್ ಸೈನ್ಯ ಆಗಲೇ ಯಾರ್ಕ್ ಹಿಡಿದಾಗಿದೆ. ಇದು ನಿಧಾನದ ಕಷ್ಟ. ವರ್ಷಾನುಗಟ್ಟಲೆ ಒಂದೊಂದು ಪಕ್ಕದ ರಾಜ್ಯ ಬೀಳೋದನ್ನ ನೋಡ್ತಾ ಕೂರಬೇಕು.

ಇವೆರಡರಲ್ಲೂ ನಾನು ಗಮನಿಸಿದ್ದು ಒಂದಿದೆ. ಹೆರಾಲ್ಡ್ ವಿರುದ್ಧ ನಾರ್ವೆಯವರ ಜೊತೆ ಬಂದವನು ಅವನ ಸ್ವಂತ ತಮ್ಮ ಟಾಸ್ಟಿಗ್. ಅವನೂ ಅದೇ ಸ್ಟಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಸತ್ತ. ವೆಸೆಕ್ಸ್‌ನಲ್ಲಿ ಮಾತ್ರ ಅಣ್ಣತಮ್ಮಂದಿರು ಕೂತು ಒಪ್ಪಂದ ಮಾಡ್ಕೊಂಡಿದ್ರು: ಯಾರು ಹೆಚ್ಚು ದಿನ ಬದುಕ್ತಾರೋ ಆಸ್ತಿ ಅವರ ಕೈಗೆ, ಉಳಿದವರ ಮಕ್ಕಳಿಗೆ ಇಷ್ಟಿಷ್ಟು ಅಂತ. ಆಲ್ಫ್ರೆಡ್‌ನ ವಿಲ್ ಇವತ್ತಿಗೂ ಉಳಿದಿದೆ, ಅದರಲ್ಲಿ ಈ ಮಾತು ಬರುತ್ತೆ. ಅಷ್ಟು ಮಾಡಿದ್ರೂ 899ರಲ್ಲಿ ಆಲ್ಫ್ರೆಡ್ ಸತ್ತ ತಕ್ಷಣ ಎಥೆಲ್ರೆಡ್‌ನ ಮಗ ದಂಗೆ ಎದ್ದ.

ನಮ್ಮ ಕಡೆಯೂ ಬೇರೆ ಇಲ್ಲ. 1066ರ ಮ್ಯಾಪಲ್ಲಿ ಕಲ್ಯಾಣದ ಚಾಲುಕ್ಯರಿದ್ದಾರೆ, ಸಿಂಹಾಸನದ ಮೇಲೆ ಒಂದನೇ ಸೋಮೇಶ್ವರ. ಎರಡೇ ವರ್ಷಕ್ಕೆ ಅವನು ತೀರಿಕೊಂಡ, ದೊಡ್ಡ ಮಗ ಎರಡನೇ ಸೋಮೇಶ್ವರ ರಾಜ ಆದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನ್ನ ಇಳಿಸಿ ತಾನು ಕೂತ. ವಿಕ್ರಮಾದಿತ್ಯನ ಬಗ್ಗೆ ಸ್ಕೂಲಲ್ಲಿ ಓದಿದೀವಿ. ಅಣ್ಣನ ಬಗ್ಗೆ ಎಷ್ಟು ಜನಕ್ಕೆ ಗೊತ್ತು?

3/6

ಈಗ ನನ್ನ ಆಯ್ಕೆ. 1066, ಮ್ಯಾಪ್‌ನ ಎಡತುದಿ, ಇವತ್ತಿನ ಸ್ಪೇನ್‌ನ ವಾಯವ್ಯ ಮೂಲೆ. ಗಲೀಶಿಯಾದ ರಾಜ ಗಾರ್ಸಿಯಾ.

ಅಪ್ಪನ ಹೆಸರು ಫರ್ಡಿನಾಂಡ್. 1065ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಸಾಯೋಕೆ ಮುಂಚೆನೇ ಪಾಲು ಹೇಳಿಬಿಟ್ಟಿದ್ದ. ದೊಡ್ಡವನು ಸಾಂಚೋಗೆ ಕ್ಯಾಸ್ಟೈಲ್. ಎರಡನೆಯವನು ಅಲ್ಫೋನ್ಸೋಗೆ ಲಿಯೋನ್. ಕೊನೆಯವನು ಗಾರ್ಸಿಯಾಗೆ ಗಲೀಶಿಯಾ, ಜೊತೆಗೆ ಕೆಳಗಿನ ಪೋರ್ಚುಗಲ್ ಭಾಗ. ಹೆಣ್ಣುಮಕ್ಕಳು ಉರ್ರಾಕಾ ಮತ್ತು ಎಲ್ವಿರಾಗೆ ಮಠಗಳ ಮೇಲಿನ ಒಡೆತನ, ಮದುವೆ ಆಗಬಾರದು ಅನ್ನೋ ಷರತ್ತಿನ ಮೇಲೆ.

ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಧಾನ ಓದಿ. ಪಾಲಲ್ಲಿ ನೆಲ ಮಾತ್ರ ಇರಲಿಲ್ಲ. ದಕ್ಷಿಣದ ಮುಸ್ಲಿಂ ರಾಜ್ಯಗಳು 'ಪಾರಿಯಾಸ್' ಅಂತ ಕಪ್ಪ ಕೊಡ್ತಿದ್ವು. ಆ ಕಪ್ಪವನ್ನೂ ಹಂಚಿದ್ದ. ಝರಾಗೋಝಾದ್ದು ಸಾಂಚೋಗೆ, ಟೊಲೆಡೊದ್ದು ಅಲ್ಫೋನ್ಸೋಗೆ, ಬಡಾಖೋಸ್ ಮತ್ತು ಸೆವಿಲ್‌ದು ಗಾರ್ಸಿಯಾಗೆ. ಬ್ಯಾಲೆನ್ಸ್ ಶೀಟ್ ಭಾಷೆಯಲ್ಲಿ ಹೇಳಬೇಕಂದ್ರೆ ಅವು ರಿಸೀವಬಲ್ಸ್. ಬರಬೇಕಾದ ದುಡ್ಡು. ವಸೂಲಿ ಮಾಡೋ ಶಕ್ತಿ ಇದ್ರೆ ಅಸೆಟ್, ಇಲ್ಲಾಂದ್ರೆ ಬರೀ ಹೆಸರು.

ಅಮ್ಮ ಸಾಂಚಾ ಬದುಕಿರೋ ತನಕ ಮಕ್ಕಳು ಒಬ್ಬರ ಮೇಲೊಬ್ಬರು ಬೀಳಲಿಲ್ಲ. 1067ರಲ್ಲಿ ಅವಳು ತೀರಿಕೊಂಡ್ಳು. 1068ರಲ್ಲೇ ಸಾಂಚೋ ಮತ್ತು ಅಲ್ಫೋನ್ಸೋ ಯುದ್ಧಕ್ಕೆ ನಿಂತ್ರು. 1071ರಲ್ಲಿ ಇಬ್ಬರೂ ಸೇರಿ ತಮ್ಮನ ಗಲೀಶಿಯಾ ಕಿತ್ಕೊಂಡು ಹಂಚ್ಕೊಂಡ್ರು. ಮರುವರ್ಷ ಸಾಂಚೋ ಅಲ್ಫೋನ್ಸೋನನ್ನೂ ಸೋಲಿಸಿದ, ಅದೇ ವರ್ಷ ಉರ್ರಾಕಾಳ ಝಮೋರಾ ಊರಿಗೆ ಮುತ್ತಿಗೆ ಹಾಕಿದ್ದಾಗ ಕೊಲೆ ಆದ. ಅಲ್ಫೋನ್ಸೋ ವಾಪಸ್ ಬಂದ. 1073ರಲ್ಲಿ ಮಾತಾಡೋಣ ಬಾ ಅಂತ ಗಾರ್ಸಿಯಾನ ಕರೆಸಿ ಸೆರೆಗೆ ಹಾಕಿದ. ಗಾರ್ಸಿಯಾ 1090ರಲ್ಲಿ ಸತ್ತ. ಹದಿನೇಳು ವರ್ಷ, ಸ್ವಂತ ಅಣ್ಣನ ಕೋಟೆಯಲ್ಲಿ ಬಂದಿಯಾಗಿ.

ಆಟದಲ್ಲಿ ಈ ಪಾಲಿನ ನಿಯಮಕ್ಕೆ ಪಾರ್ಟಿಷನ್ ಅಂತ ಹೆಸರು. ಆರಂಭದ ಶತಮಾನಗಳಲ್ಲಿ ಬಹುತೇಕ ರಾಜರಿಗೆ ಅದೇ ಗತಿ: ನೀವು ಎಷ್ಟೇ ದೊಡ್ಡ ರಾಜ್ಯ ಕಟ್ಟಿ, ಸತ್ತ ದಿನ ಮಕ್ಕಳಿಗೆ ಹಂಚಿಹೋಗುತ್ತೆ. ಹೊಸಬರು ಎಲ್ಲರೂ ಬೈಯೋದು ಇದನ್ನೇ.

4/6

ಗಾರ್ಸಿಯಾನೇ ಯಾಕೆ ಅಂತ ಕೇಳಿದ್ರಲ್ಲ. ಈ ಪೋಸ್ಟ್‌ಗೆ ಸ್ಕ್ರೀನ್‌ಶಾಟ್ ಇಲ್ಲ, ಫೋಟೋದಲ್ಲಿರೋದು ನಮ್ಮ ಅಂಗಡಿ.

ನಮ್ಮ ತಾತನಿಗೆ ಮೂರು ಗಂಡು, ಎರಡು ಹೆಣ್ಣು. ಅಪ್ಪ ಕೊನೆಯವರು. ಅಜ್ಜಿ ಇರೋ ತನಕ ಹಬ್ಬಕ್ಕೆ ಎಲ್ಲರೂ ಒಂದೇ ಒಲೆಯ ಊಟ ಮಾಡ್ತಿದ್ವಿ. ನಾನು ಏಳನೇ ಕ್ಲಾಸಲ್ಲಿದ್ದಾಗ ಅಜ್ಜಿ ಹೋದ್ರು, ಮುಂದಿನ ಬೇಸಿಗೆಗೆ ಪಾಲಾಯ್ತು. ದೊಡ್ಡ ದೊಡ್ಡಪ್ಪನಿಗೆ ತೆಂಗಿನ ತೋಟ. ಚಿಕ್ಕ ದೊಡ್ಡಪ್ಪನಿಗೆ ಮನೆ ಮತ್ತು ಹಿತ್ತಲಿನ ಸೈಟು. ಅಪ್ಪನಿಗೆ ಪೇಟೆಯ ದಿನಸಿ ಅಂಗಡಿ, ಅದೂ ಬಾಡಿಗೆ ಕಟ್ಟಡದಲ್ಲಿ. ಒಳಗಿದ್ದ ಸ್ಟಾಕು ಮತ್ತೆ ಎರಡು ಉದ್ರಿ ಪುಸ್ತಕ. ಅಂದ್ರೆ ಊರಿನವರಿಂದ ಬರಬೇಕಾದ ದುಡ್ಡು. ನಮ್ಮ ಪಾರಿಯಾಸ್.

ಅತ್ತೆಯರಿಬ್ಬರೂ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಕುಂಕುಮ ತಗೊಂಡು, ಸಂಜೆ ಬಸ್ಸಿಗೆ ಹೊರಟುಹೋದ್ರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ದೇಶದ ಕಾನೂನು 2005ರಲ್ಲೇ ಬದಲಾಗಿತ್ತು. ಆ ದಿನ ಆ ಮಾತನ್ನ ಯಾರೂ ಎತ್ತಲಿಲ್ಲ. ಅತ್ತೆಯರೂ ಎತ್ತಲಿಲ್ಲ.

ಆ ಉದ್ರಿ ಪುಸ್ತಕದ ಅರ್ಧ ಇನ್ನೂ ವಸೂಲಾಗಿಲ್ಲ. ನಾನು ಫಸ್ಟ್ ಇಯರ್‌ನಲ್ಲಿ ಬ್ಯಾಡ್ ಡೆಟ್ಸ್ ಕಲಿತಾಗ ಅಪ್ಪನ ಜೊತೆ ಕೂತು ಒಂದೊಂದು ಹೆಸರೂ ನೋಡಿ ಕೆಂಪು ಪೆನ್ನಲ್ಲಿ ಗೆರೆ ಎಳೆದ್ವಿ. ಅಪ್ಪ ಮೂರು ಹೆಸರಿಗೆ ಗೆರೆ ಎಳೆಯೋಕೆ ಬಿಡಲಿಲ್ಲ. "ಅವರು ಕೊಡ್ತಾರೆ" ಅಂದ್ರು.

ಹಾಗಾಗಿ ಮ್ಯಾಪ್ ಮೇಲೆ ಮೂರು ಅಣ್ಣತಮ್ಮಂದಿರ ಮುಖ ಕಂಡಾಗ ನನ್ನ ಮೌಸ್ ತಾನಾಗೇ ಕೊನೆಯವನ ಮೇಲೆ ಹೋಯ್ತು.

5/6

ಗಾರ್ಸಿಯಾನ್ನ ಆಡೋಕೆ ನಾನು ಮೂರು ನಿಯಮ ಹಾಕ್ಕೊಂಡೆ.

ಒಂದು, ಐರನ್‌ಮ್ಯಾನ್ ಮೋಡ್. ಹಳೇ ಸೇವ್‌ಗೆ ವಾಪಸ್ ಹೋಗೋ ಹಾಗಿಲ್ಲ.
ಎರಡು, ಅಣ್ಣಂದಿರನ್ನ ಕೊಲ್ಲಿಸೋ ಹಾಗಿಲ್ಲ, ಸೆರೆಗೆ ಹಾಕೋ ಹಾಗಿಲ್ಲ.
ಮೂರು, ಅವರ ರಾಜ್ಯದ ಮೇಲೆ ನನಗಿರೋ ಹಕ್ಕನ್ನ ಯುದ್ಧಕ್ಕೆ ಬಳಸೋ ಹಾಗಿಲ್ಲ.

ಆಡಿದವರಿಗೆ ಗೊತ್ತು, ಮೂರನೆಯದೇ ಪ್ರಾಣ ತಿನ್ನೋದು. ಈ ಆಟ ಅಣ್ಣನ್ನ ತಿಂದು ದೊಡ್ಡವನಾಗು ಅಂತ ಎಲ್ಲ ಕಡೆಯಿಂದ ಕೈ ಹಿಡಿದು ಎಳೆಯುತ್ತೆ.

ಮೊದಲ ಕೆಲಸ ಸಂಬಂಧ ಹುಡುಕೋದು. ಸೈನ್ಯ ಕಮ್ಮಿ ಇದ್ದಾಗ ಮದುವೆನೇ ಸೈನ್ಯ, ಯಾಕಂದ್ರೆ ಬೀಗರು ಯುದ್ಧಕ್ಕೆ ಬರ್ತಾರೆ. ಅಣ್ಣಂದಿರ ಮನೆಯಲ್ಲೇ ಮಕ್ಕಳ ಮದುವೆ ಮಾಡಿ ಗಂಟು ಹಾಕೋಣ ಅಂದ್ರೆ ಕ್ಯಾಥೊಲಿಕ್ ನಿಯಮದಲ್ಲಿ ಕಸಿನ್ಸ್ ಮದುವೆಗೆ ಒಪ್ಪಿಗೆ ಇಲ್ಲ. ನಮ್ಮಲ್ಲಿರೋ ಸೋದರಮಾವನ ಮಗಳು ಅನ್ನೋ ಆಪ್ಷನ್ ಕೂಡ ಅಲ್ಲಿಲ್ಲ. ಹಾಗಾಗಿ ಫ್ರಾನ್ಸ್ ಕಡೆ ಒಬ್ಬ ಡ್ಯೂಕ್‌ನ ಮಗಳನ್ನ ತಂದೆ. ಎರಡನೆಯದು, 'ಸ್ವೇ' ಅಂತ ಒಂದು ಸ್ಕೀಮ್ ಇದೆ, ಒಬ್ಬರ ಮನಸ್ಸನ್ನ ನಿಧಾನಕ್ಕೆ ನಮ್ಮ ಕಡೆ ತಿರುಗಿಸೋದು. ಅದನ್ನ ಒಬ್ಬ ಅಣ್ಣನ ಮೇಲೆ ಮುಗಿಸಿ ಇನ್ನೊಬ್ಬನ ಮೇಲೆ, ಬಿಡದೆ ನಡೆಸಿದೆ. ಮೂರನೆಯದು, ಉಳಿದ ಚಿನ್ನವನ್ನೆಲ್ಲ ಸ್ವಂತ ಕೌಂಟಿಗಳ ಕಟ್ಟಡಕ್ಕೆ ಹಾಕೋದು. ಚಿಕ್ಕ ಪಾಲಿನವರಿಗೆ ವಿಸ್ತಾರಕ್ಕಿಂತ ಇಳುವರಿ ಮುಖ್ಯ.

ಆರನೇ ವರ್ಷಕ್ಕೆ ಸಾಂಚೋ ಅಲ್ಫೋನ್ಸೋ ಮೇಲೆ ಬಿದ್ದ. ಅಲ್ಫೋನ್ಸೋ ಸೈನ್ಯ ಪೂರ್ತಿ ಕರಗಿಹೋಯ್ತು. ನನ್ನ ಸೈನ್ಯ ಫ್ರೆಶ್ ಆಗಿತ್ತು, ಲಿಯೋನ್ ಖಾಲಿ ಇತ್ತು, ಯುದ್ಧ ಸಾರೋ ಬಟನ್ ಬೆಳಗ್ತಿತ್ತು. ಒತ್ತಿದ್ರೆ ಎರಡು ವರ್ಷದಲ್ಲಿ ನಾನು ಮೂವರಲ್ಲಿ ದೊಡ್ಡವಳಾಗ್ತಿದ್ದೆ. ಪಾಸ್ ಮಾಡಿ ನೀರು ಕುಡಿದು ಬಂದೆ. ಒತ್ತಲಿಲ್ಲ.

ಸಾಂಚೋ ಲಿಯೋನ್ ತಗೊಂಡ, ಆಮೇಲೆ ನನ್ನ ಮೇಲೆ ಬಂದ. ಬೀಗರು ಬಂದ್ರು, ಸಾಕಾಗಲಿಲ್ಲ. ಗಲೀಶಿಯಾದ ಕಿರೀಟ ಹೋಯ್ತು, ಕೋಟೆಗಳು ಉಳಿದ್ವು. ರಾಜನಾಗಿದ್ದ ಗಾರ್ಸಿಯಾ ಅಣ್ಣನ ಕೈಕೆಳಗೆ ಡ್ಯೂಕ್ ಆದ.

ಕಾಮೆಂಟ್ಸ್‌ನಲ್ಲಿ "ಸೋತೆ ಗುರು" ಅಂತ ಬರೆಯೋಕೆ ಮುಂಚೆ ಒಂದು ನಿಮಿಷ. ನನ್ನ ಗಾರ್ಸಿಯಾ ಅರವತ್ತು ದಾಟಿ ಬದುಕಿದ, ಸ್ವಂತ ಮನೆಯಲ್ಲಿ, ಮಕ್ಕಳ ಮಧ್ಯೆ ಸತ್ತ. ನಿಜವಾದ ಗಾರ್ಸಿಯಾಗೆ ಅದು ಸಿಗಲಿಲ್ಲ. ಕಷ್ಟದ ರಾಜನ್ನ ಆರಿಸಿದಾಗ ಗೆಲುವು ಅಂದ್ರೇನು ಅಂತ ನಾವೇ ಬರ್ಕೋಬೇಕು. ಮತ್ತೆ ಆಡಿದ್ರೂ ಆ ಬಟನ್ ಒತ್ತಲ್ಲ.

6/6

ಈ ಸರಣಿಯಿಂದ ಒಂದೇ ಸಲಹೆ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಕಷ್ಟದ ರಾಜನ್ನ ಆಡಿ ಮುಗಿಸಿದ್ಮೇಲೆ ಅದೇ ಇಸವಿಗೆ ವಾಪಸ್ ಹೋಗಿ, ನಿಮ್ಮನ್ನ ಸೋಲಿಸಿದವನನ್ನ ತಗೊಂಡು ಶುರು ಮಾಡಿ.

ನಾನು ಸಾಂಚೋನ್ನ ತಗೊಂಡೆ. ಗಲೀಶಿಯಾ ಮೂಲೆಯಿಂದ ನೋಡಿದ್ರೆ ಕ್ಯಾಸ್ಟೈಲ್ ದೊಡ್ಡ ಗೋಡೆ. ಕ್ಯಾಸ್ಟೈಲ್ ಒಳಗೆ ಕೂತ್ರೆ ಗೋಡೆ ಎಲ್ಲೂ ಕಾಣಲ್ಲ. ಪೂರ್ವಕ್ಕೆ ನವಾರ್, ಅರಗಾನ್. ಅಲ್ಲಿನ ರಾಜರೂ ದಾಯಾದಿಗಳೇ, ಇಬ್ಬರ ಹೆಸರೂ ಸಾಂಚೋನೇ. ಆ ಮೂವರ ಜಗಳಕ್ಕೆ ಇತಿಹಾಸದಲ್ಲಿ ಮೂರು ಸಾಂಚೋಗಳ ಯುದ್ಧ ಅಂತಾನೇ ಹೆಸರಿದೆ. ಪಶ್ಚಿಮಕ್ಕೆ ಅಲ್ಫೋನ್ಸೋ. ರಾತ್ರಿ ನಿದ್ದೆ ಬರದಂಥ ಜಾಗ ಅದು. ಅದಕ್ಕೆ ಅವನು ತಮ್ಮನಿಗೆ ಮಾಡಿದ್ದು ಸರಿ ಅಂತ ಆಗಲ್ಲ. ಯಾಕೆ ಮಾಡಿದ ಅಂತ ಮಾತ್ರ ಗೊತ್ತಾಗುತ್ತೆ.

ದೊಡ್ಡ ದೊಡ್ಡಪ್ಪನ ಪಾಲಿಗೆ ಬಂದ ತೋಟದಲ್ಲಿ ಎರಡು ಬೋರ್‌ವೆಲ್ ಬತ್ತಿವೆ, ಮೂರನೆಯದಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ. ಇದು ನನಗೆ ಮೊದಲಿಂದಲೂ ಗೊತ್ತಿರೋ ವಿಷಯ. ಆದ್ರೆ ನಮ್ಮನೆಯಲ್ಲಿ 'ದೊಡ್ಡ ಪಾಲು' ಅಂತ ಹೇಳುವಾಗ ಬೋರ್‌ವೆಲ್ ಲೆಕ್ಕಕ್ಕೆ ಬರಲ್ಲ. ಅವರ ಮನೆಯಲ್ಲಿ ಅಪ್ಪನ 'ನಡೆಯೋ ಅಂಗಡಿ' ಅಂತ ಹೇಳುವಾಗ ಉದ್ರಿ ಪುಸ್ತಕ ಬರಲ್ಲ ಅನ್ಸುತ್ತೆ.

ನನಗೊಬ್ಬ ತಮ್ಮ ಇದ್ದಾನೆ, ಪಿಯುಸಿ. ಅಂಗಡಿ ನಡೆಸೋ ಆಸೆ ನನಗಿದೆ, ಅವನಿಗೆ ಗಾಡಿ ರಿಪೇರಿ ಹುಚ್ಚು. ಹೋದ ತಿಂಗಳು ಅಪ್ಪನ ಹತ್ರ ಕೇಳಿದೆ, ಮುಂದೆ ಏನು ಯಾರಿಗೆ ಅಂತ ಈಗಲೇ ನಾವು ನಾಲ್ಕೂ ಜನ ಕೂತು ಮಾತಾಡೋಣ್ವಾ ಅಂತ. ಅಪ್ಪ ನಕ್ಕರು. ಆಮೇಲೆ ಸುಮ್ಮನಾದ್ರು. ಆಮೇಲೆ ತಮ್ಮನ್ನ ಕರೆದ್ರು. ಏನೂ ತೀರ್ಮಾನ ಆಗಿಲ್ಲ, ಒಂದು ನೋಟ್‌ಬುಕ್‌ನಲ್ಲಿ ಎರಡು ಪುಟ ಬರೆದಿದ್ದೀವಿ ಅಷ್ಟೇ. ಅಮ್ಮ ಮೊದಲ ಸಾಲಲ್ಲಿ ನನ್ನ ಹೆಸರು ಬರೆಸಿದ್ರು.

ಫರ್ಡಿನಾಂಡ್‌ಗೆ ಐದು ಮಕ್ಕಳಿದ್ರು. ಅವರನ್ನ ಎದುರಿಗೆ ಕೂರಿಸ್ಕೊಂಡು ನಿಮಗೇನು ಬೇಕು ಅಂತ ಕೇಳೋ ಬಟನ್ ಈ ಆಟದಲ್ಲಿ ಇಲ್ಲ.

ಸರಿ, ಈಗ ನಿಮ್ಮ ಸರದಿ. ಯಾವ ಇಸವಿ, ಯಾವ ರಾಜ ಅಥವಾ ರಾಣಿ, ಕಾಮೆಂಟ್‌ನಲ್ಲಿ ಹಾಕಿ. ಎಷ್ಟು ಸೈನ್ಯ ಇದೆ ಅಂತ ಹೇಳ್ಬೇಡಿ. ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳಿ.

#ಕನ್ನಡಗೇಮಿಂಗ್ #ಕ್ರುಸೇಡರ್‌ಕಿಂಗ್ಸ್ #ಬಿಕಾಂಡೈರಿ